ಕುರಿಗೆ ಸೂಜಿ ತಪ್ಪಿಸದ ಅಪ್ಪಂದಿರಿಗೆ

ಬೆಳುಗುಪ್ಪ, ಕಲ್ಯಾಣದುರ್ಗ ಸೀಮೆಯ ಕುರಿಗಾರ ಅಣ್ಣಂದಿರಿಗೂ ತಮ್ಮಂದಿರಿಗೂ ನಿಮ್ಮೂರ ಕಡೆಯ ಹೆಣ್ಣುಮಗಳೊಬ್ಬಳ ನಮಸ್ಕಾರಗಳು.

ಮುಂಗಾರಿಗೆ ಮುಂಚೆ ನೀವು ತಪ್ಪದೆ ಮಾಡುವ ಒಂದು ಕೆಲಸದ ವಿಚಾರ ಬರೆಯಬೇಕಾಗಿದೆ. ರೋಹಿಣಿ ಮಳೆಯ ಹೊತ್ತಿಗೆ ಪಶು ಆಸ್ಪತ್ರೆಯವರು ಊರಿಗೆ ಬರುತ್ತಾರೆ ಅಂತ ಸುದ್ದಿಯಾದರೆ ಸಾಕು, ಆ ಬೆಳಗ್ಗೆ ನೀವು ಹಿಂಡನ್ನು ಮೇವಿಗೆ ಹೊಡೆಯುವುದಿಲ್ಲ. ರೊಪ್ಪದ ಬಾಗಿಲಲ್ಲಿ ಒಬ್ಬರು ನಿಲ್ಲುತ್ತೀರಿ, ಒಬ್ಬರು ಒಂದೊಂದೇ ಕುರಿಯ ಕೊರಳು ಹಿಡಿದು ಮುಂದಕ್ಕೆ ತರುತ್ತೀರಿ, ಸೂಜಿ ಬಿದ್ದ ಕುರಿಯ ಬೆನ್ನಿಗೆ ಗುರುತಿನ ಬಣ್ಣ ಬಳಿಯಲು ಮತ್ತೊಬ್ಬರು. ನೂರು ಕುರಿಯಲ್ಲಿ ಒಂದು ತಪ್ಪಿಸಿಕೊಂಡು ಬೇಲಿ ಹಾರಿದರೆ ಅದನ್ನು ಹಿಡಿದು ತರುವ ತನಕ ನಿಮಗೆ ಸಮಾಧಾನವಿಲ್ಲ. ಮರಿಗಳಿಗೆ ಮೊದಲ ಸೂಜಿ ಆದ ಮೇಲೆ ಎರಡು ವಾರಕ್ಕೆ ಇನ್ನೊಂದು ಹಾಕಿಸಬೇಕು ಎನ್ನುವುದು ನಿಮಗೆ ಯಾರೂ ನೆನಪಿಸಬೇಕಿಲ್ಲ. ವೈದ್ಯರು ಬರುವುದು ತಡವಾದರೆ ನೀವೇ ಫೋನ್ ಮಾಡುತ್ತೀರಿ.

ಇದನ್ನು ಕೊಂಕಾಗಿ ಹೇಳುತ್ತಿಲ್ಲ. ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷಗಳಲ್ಲಿ ನಮ್ಮ ಸೀಮೆಯ ಎಷ್ಟು ಮನೆಗಳನ್ನು ಕುರಿಯೇ ಕಾಪಾಡಿದೆ ಎಂಬುದು ನನಗೆ ಗೊತ್ತು. ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳ ಸಾಲಿನಲ್ಲಿ ನಮ್ಮ ಅನಂತಪುರದ ಹೆಸರಿದೆ. ವರ್ಷಕ್ಕೆ ಸರಾಸರಿ ಐನೂರೈವತ್ತು ಮಿಲಿಮೀಟರ್ ಆಸುಪಾಸು, ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಇಂಥ ನೆಲದಲ್ಲಿ ಹಿಂಡು ಉಳಿಸಿಕೊಂಡು ಬಂದವರು ನೀವು. ನಿಮ್ಮ ಆ ಎಚ್ಚರದ ಮೇಲೆ ನನಗೆ ಗೌರವವಿದೆ. ಆ ಎಚ್ಚರವೇ ನಿಮ್ಮ ಕೂಸುಗಳ ಪಾಲಿಗೂ ಸಿಗಲಿ ಎಂದು ಕೇಳಲು ಈ ಪತ್ರ.

ಊರೂರಲ್ಲಿ ಒಂದೇ ಕಥೆ. ಮಗುವಿನ ಕಾರ್ಡಿನಲ್ಲಿ ಹುಟ್ಟಿದ ದಿನದ ಲಸಿಕೆಯ ತಾರೀಕು ಇರುತ್ತದೆ, ಏಕೆಂದರೆ ಹೆರಿಗೆ ಆಸ್ಪತ್ರೆಯಲ್ಲಿ ಆಗಿರುತ್ತದೆ. ಒಂದೂವರೆ ತಿಂಗಳಿನದೂ ಇರುತ್ತದೆ. ಅದರ ಕೆಳಗಿನ ಚೌಕಗಳು ಖಾಲಿ. ಕೇಳಿದರೆ ತಾಯಿ ಹೇಳುವುದು ಇಷ್ಟು: "ಮೊದಲನೇದಕ್ಕೆ ಜ್ವರ ಬಂತು, ಕಾಲು ಬಾತಿತ್ತು, ರಾತ್ರಿಯೆಲ್ಲಾ ಅತ್ತಿತು. ಇವರಪ್ಪ ಬೇಡ ಅಂದ್ರು." ಕಾರ್ಡು ತಾಯಿಯ ಕೈಯಲ್ಲಿ ಇರುತ್ತದೆ. ಬೇಡ ಎಂಬ ಮಾತು ಬರುವುದು ನಿಮ್ಮ ಬಾಯಿಂದ. ಹಾಗಾಗಿ ತಾಯಂದಿರಿಗೆ ಬರೆಯದೆ ನಿಮಗೇ ಬರೆಯುತ್ತಿದ್ದೇನೆ.

ನಿಮಗೆ ಗೊತ್ತಿರುವುದರಿಂದಲೇ ಹೊರಡೋಣ. ಮಳೆ ಬಿದ್ದು ಎಳೆ ಹುಲ್ಲು ಚಿಗುರಿದ ಹೊತ್ತಿನಲ್ಲಿ ಬರುವ ಕರುಳುಬೇನೆ, ತೆಲುಗಿನವರು ಚಿಟುಕು ರೋಗ ಅನ್ನುವುದು, ಬಡಕಲು ಮರಿಯನ್ನು ಮುಟ್ಟುವುದು ಕಡಿಮೆ. ಹಿಂಡಿನಲ್ಲೇ ದುಂಡಗಿರುವ, ಹೊಟ್ಟೆ ತುಂಬ ಹಾಲು ಕುಡಿದು ಹುಲ್ಲು ಮೇದ ಮರಿಯೇ ಬೆಳಗಾಗುವಷ್ಟರಲ್ಲಿ ರೊಪ್ಪದಲ್ಲಿ ಕಾಲು ಚಾಚಿ ಬಿದ್ದಿರುತ್ತದೆ. ಅದಕ್ಕೆ ಕಾರಣ ಕ್ಲಾಸ್ಟ್ರಿಡಿಯಂ ಎಂಬ ಕುಲದ ಒಂದು ಬ್ಯಾಕ್ಟೀರಿಯಾ. ಅದು ಹೊಸದಾಗಿ ಎಲ್ಲಿಂದಲೋ ಬರಬೇಕಿಲ್ಲ, ಕುರಿಯ ಕರುಳಿನಲ್ಲಿ ಮೊದಲೇ ಸ್ವಲ್ಪ ಇರುತ್ತದೆ. ಒಮ್ಮೆಗೇ ಮೇವು ಸಮೃದ್ಧವಾದಾಗ ಅದು ಕೊತಕೊತನೆ ಹೆಚ್ಚಿ ವಿಷ ಬಿಡುತ್ತದೆ. ಮರಿಯನ್ನು ಕೊಲ್ಲುವುದು ಆ ವಿಷ. ಆದ್ದರಿಂದಲೇ ಬೇನೆ ಕಾಣಿಸಿದ ಮೇಲೆ ಔಷಧಿಗೆ ಓಡಿದರೆ ಕೆಲಸವಾಗುವುದಿಲ್ಲ, ಮಳೆಗೆ ಮುಂಚೆಯೇ ಸೂಜಿ ಹಾಕಿಸಬೇಕು ಎಂದು ಅನುಭವದಿಂದ ಕಲಿತಿದ್ದೀರಿ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಂಥ ಕಡೆ ಈ ಲಸಿಕೆ ತಯಾರಾಗುತ್ತದೆ. ಆ ವಿಷದ ಕೋರೆ ಕಿತ್ತು, ಕೊಲ್ಲುವ ಶಕ್ತಿ ಇಲ್ಲದಂತೆ ಮಾಡಿ, ಕುರಿಯ ಮೈಗೆ ಅದರ ಗುರುತು ಮಾತ್ರ ತೋರಿಸುವುದು ಈ ಲಸಿಕೆಯ ಕೆಲಸ. ಎರಡು ವಾರಕ್ಕೆ ಎರಡನೇ ಸಲ ತೋರಿಸಿದಾಗ ಮೈ ಆ ಗುರುತನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಅದೇ ಕ್ಲಾಸ್ಟ್ರಿಡಿಯಂ ಕುಲದ ಇನ್ನೊಂದು ಬ್ಯಾಕ್ಟೀರಿಯಾ ಮಕ್ಕಳಿಗೆ ಧನುರ್ವಾಯು ತರುತ್ತದೆ. ಅದು ಮಣ್ಣಿನಲ್ಲಿ, ದನ ಕುರಿಗಳ ಹಿಕ್ಕೆಯಲ್ಲಿ ವರ್ಷಗಟ್ಟಲೆ ಬೀಜದಂತೆ ಮುದುಡಿ ಕೂತಿರುತ್ತದೆ. ಬಿಸಿಲಿಗೆ ಸಾಯುವುದಿಲ್ಲ, ಒಣಗಿದರೂ ಸಾಯುವುದಿಲ್ಲ. ಹೊಲಕ್ಕೆ ಕುರಿ ನಿಲ್ಲಿಸಿ ಗೊಬ್ಬರ ಮಾಡಿಸುವ ಸೀಮೆ ನಮ್ಮದು. ರೊಪ್ಪದ ಪಕ್ಕದಲ್ಲೇ ಅಂಬೆಗಾಲಿಡುವ ಕೂಸಿನ ಮಂಡಿ ತರಚಿದರೆ ಯಾವ ಮಣ್ಣು ಸೋಕುತ್ತದೆ ಎಂದು ನಿಮಗೆ ನಾನು ಹೇಳಬೇಕೇ?

ಹಿಂದೆ ನಮ್ಮ ಅಜ್ಜಿಯರ ಕಾಲಕ್ಕೆ ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕತ್ತರಿಸಿ ಬೂದಿಯನ್ನೋ ಸಗಣಿಯನ್ನೋ ಮೆತ್ತುತ್ತಿದ್ದರು. ಎರಡು ಮೂರು ದಿನ ಚೆನ್ನಾಗಿ ಹಾಲು ಕುಡಿದ ಕೂಸು ಆಮೇಲೆ ದವಡೆ ಕಚ್ಚಿಕೊಂಡು, ಮೊಲೆ ಹಿಡಿಯಲಾಗದೆ, ಬಿಲ್ಲಿನಂತೆ ಸೆಟೆದು ಹೋಗುತ್ತಿತ್ತು. ಬಾಲಗ್ರಹ ಅಂದುಕೊಂಡು ಮಂತ್ರ ಹಾಕಿಸಿದವರೆಷ್ಟೋ. ಬಸಿರಿಯರಿಗೆ ಸೂಜಿ, ಆಸ್ಪತ್ರೆಯಲ್ಲಿ ಹೆರಿಗೆ, ಶುದ್ಧ ಬ್ಲೇಡು, ಇವು ಮೂರು ಸೇರಿ ಆ ಸಾವನ್ನು ತಡೆದವು. 2003ರಲ್ಲೇ ನಮ್ಮ ಆಂಧ್ರಪ್ರದೇಶ ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ರಾಜ್ಯವೆನಿಸಿಕೊಂಡಿತು, ದೇಶದಲ್ಲಿ ಎಲ್ಲರಿಗಿಂತ ಮೊದಲು. ಇಡೀ ಭಾರತ ಆ ಮಾತು ಹೇಳಲು 2015 ಬರಬೇಕಾಯಿತು. ಆದರೆ ರೋಗಾಣು ಎಲ್ಲಿಗೂ ಹೋಗಿಲ್ಲ. ಅದು ಇರುವುದು ಮಣ್ಣಿನಲ್ಲಿ, ಮಣ್ಣಿಗೆ ಲಸಿಕೆ ಇಲ್ಲ. ಊರಿನ ಉಳಿದ ಮಕ್ಕಳೆಲ್ಲ ಹಾಕಿಸಿಕೊಂಡಿದ್ದಾರೆ ಎಂಬುದು ನಿಮ್ಮ ಮಗುವನ್ನು ಧನುರ್ವಾಯುವಿನಿಂದ ಕಾಯುವುದಿಲ್ಲ. ಬೇರೆ ರೋಗಗಳು ಮನುಷ್ಯರಿಂದ ಮನುಷ್ಯರಿಗೆ ದಾಟುತ್ತವೆ, ಸುತ್ತ ಎಲ್ಲರೂ ಗಟ್ಟಿಯಾಗಿದ್ದರೆ ನಡುವಿನವನಿಗೂ ಸ್ವಲ್ಪ ರಕ್ಷಣೆ ಸಿಕ್ಕೀತು. ಇದು ನೆಲದಿಂದಲೇ ನೇರವಾಗಿ ಬರುವುದು. ಅವನವನ ಸೂಜಿ ಅವನವನಿಗೇ.

ಒಂದೂವರೆ ತಿಂಗಳು, ಎರಡೂವರೆ ತಿಂಗಳು, ಮೂರೂವರೆ ತಿಂಗಳು, ಅಂದರೆ ಆರನೇ, ಹತ್ತನೇ, ಹದಿನಾಲ್ಕನೇ ವಾರಗಳಲ್ಲಿ ಮಗುವಿನ ಎಡತೊಡೆಗೆ ಹಾಕುವ ಪೆಂಟಾವೇಲೆಂಟ್ ಎಂಬ ಸೂಜಿಯಲ್ಲಿ ಐದು ರೋಗಗಳ ಮದ್ದು ಒಟ್ಟಿಗಿದೆ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹಿಬ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾ ಮತ್ತು ಮಿದುಳುಪೊರೆಯ ಸೋಂಕು, ಈ ನಾಲ್ಕು ಬ್ಯಾಕ್ಟೀರಿಯಾದವು. ಐದನೆಯದು ಹೆಪಟೈಟಿಸ್ ಬಿ, ಅದು ವೈರಸ್. 2011ರ ಡಿಸೆಂಬರ್‌ನಲ್ಲಿ ಕೇರಳ, ತಮಿಳುನಾಡುಗಳಲ್ಲಿ ಸರ್ಕಾರ ಈ ಪೆಂಟಾ ಸೂಜಿಯನ್ನು ಕೊಡಲು ಶುರು ಮಾಡಿ ಆಮೇಲೆ ಒಂದೊಂದೇ ರಾಜ್ಯಕ್ಕೆ ಹಬ್ಬಿಸಿತು. ಬಲತೊಡೆಗೆ ಹಾಕುವುದು ನ್ಯುಮೊಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಲಸಿಕೆ. ಇದನ್ನು 2017ರಲ್ಲಿ ಕೆಲವೇ ರಾಜ್ಯಗಳಲ್ಲಿ ಆರಂಭಿಸಿ 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿದರು. ಖಾಸಗಿ ಆಸ್ಪತ್ರೆಯಲ್ಲಿ ಇದರ ಒಂದೊಂದು ಡೋಸಿಗೂ ಸಾವಿರಾರು ರೂಪಾಯಿ ತೆರಬೇಕು, ಅಂಗನವಾಡಿಯ ಜಗಲಿಯಲ್ಲಿ ಕಾಸಿಲ್ಲದೆ ಸಿಗುತ್ತದೆ. ಕುರಿಯ ಕರುಳಿನಲ್ಲಿ ಆ ಬ್ಯಾಕ್ಟೀರಿಯಾ ಮೊದಲೇ ಇರುತ್ತದೆ ಎಂದೆನಲ್ಲ, ನ್ಯುಮೊಕಾಕಸ್ ಕೂಡ ಎಷ್ಟೋ ಆರೋಗ್ಯವಂತ ಮಕ್ಕಳ ಮೂಗು ಗಂಟಲಿನಲ್ಲಿ ಸದ್ದಿಲ್ಲದೆ ಇರುತ್ತದೆ. ಒಂದು ನೆಗಡಿ ಬಂದು ಮೈ ಕುಗ್ಗಿದಾಗ ಎದೆಗಿಳಿಯುತ್ತದೆ, ರಕ್ತಕ್ಕೆ ಸೇರುತ್ತದೆ. "ಮಗು ಗುಂಡಗೆ ಚೆನ್ನಾಗೈತೆ, ಸೂಜಿ ಯಾಕೆ" ಎನ್ನುವವರು ತಮ್ಮ ಹಿಂಡಿನ ದುಂಡು ಮರಿಯನ್ನು ನೆನೆದುಕೊಳ್ಳಬೇಕು.

ಅಷ್ಟು ಚಿಕ್ಕ ಕೂಸಿಗೆ ಯಾಕೆ, ಸ್ವಲ್ಪ ಬೆಳೆಯಲಿ, ಅಂತಲೂ ಹೇಳುತ್ತೀರಿ. ಈ ರೋಗಗಳು ಬೆಳೆಯುವ ತನಕ ಕಾಯುವುದಿಲ್ಲ. ನಾಯಿಕೆಮ್ಮು ದೊಡ್ಡವರಿಗೆ ಬಂದರೆ ವಾರಗಟ್ಟಲೆ ಕೆಮ್ಮಿ ಬದುಕುತ್ತಾರೆ. ಎರಡು ತಿಂಗಳ ಕೂಸಿಗೆ ಬಂದರೆ ಕೆಮ್ಮಲೂ ಬಾರದೆ ಉಸಿರೇ ನಿಂತು ನೀಲಿಗಟ್ಟುತ್ತದೆ. ಹಿಬ್ ಮತ್ತು ನ್ಯುಮೊಕಾಕಸ್ ಹೆಚ್ಚು ಕಾಡುವುದು ಎರಡು ವರ್ಷದೊಳಗಿನವರನ್ನು. ಈ ಎರಡು ಬ್ಯಾಕ್ಟೀರಿಯಾಗಳ ಮೇಲೆ ಸಕ್ಕರೆಯ ಜಾತಿಯ ಒಂದು ಹೊದಿಕೆ ಇರುತ್ತದೆ. ದೊಡ್ಡವರ ಮೈ ಆ ಹೊದಿಕೆಯನ್ನು ಶತ್ರುವೆಂದು ಗುರುತಿಸುತ್ತದೆ, ಎಳೆಗೂಸಿನ ಮೈಗೆ ಆ ಗುರುತು ಹತ್ತುವುದಿಲ್ಲ. ಎಷ್ಟೋ ವರ್ಷ ವಿಜ್ಞಾನಿಗಳು ಇಲ್ಲೇ ಸಿಕ್ಕಿಕೊಂಡಿದ್ದರು. ಕೊನೆಗೆ ಆ ಸಕ್ಕರೆಯ ಚೂರನ್ನು, ಕೂಸಿನ ಮೈ ಚೆನ್ನಾಗಿ ಗುರುತಿಸಬಲ್ಲ ಒಂದು ಪ್ರೋಟೀನಿಗೆ ಕಟ್ಟಿ ಕೊಟ್ಟರು. ಆ ಕೆಲಸಕ್ಕೆ ಬಳಸಿದ ಪ್ರೋಟೀನುಗಳಲ್ಲಿ ಒಂದು, ಕೋರೆ ಕಿತ್ತ ಧನುರ್ವಾಯುವಿನ ವಿಷವೇ. ನಮ್ಮ ಹೈದರಾಬಾದಿನ ಭಾರತ್ ಬಯೋಟೆಕ್ ಇದೇ ಉಪಾಯದಿಂದ ಆರು ತಿಂಗಳ ಕೂಸಿಗೂ ಕೊಡಬಹುದಾದ ಟೈಫಾಯ್ಡ್ ಲಸಿಕೆ ಮಾಡಿತು, ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆಯೂ ಸಿಕ್ಕಿತು. ಪಾಕಿಸ್ತಾನ 2019ರಲ್ಲೇ ಅದನ್ನು ತನ್ನ ಮಕ್ಕಳಿಗೆ ಕೊಡಲು ತೊಡಗಿತು. ನಮ್ಮ ಹಳ್ಳಿಯ ಮಕ್ಕಳಿಗೂ ಅದು ಉಚಿತವಾಗಿ ಸಿಗಬೇಕೆಂದು ಕೇಳುವ ಹಕ್ಕು ನಮಗಿದೆ. ಆದರೆ ಸಿಗುತ್ತಿರುವುದನ್ನು ಬಿಟ್ಟವರ ಕೇಳಿಕೆಗೆ ತೂಕ ಬರುವುದು ಹೇಗೆ?

ಗಂಟಲಮಾರಿಯ ಬಗ್ಗೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಏಕೆಂದರೆ ನಿಮ್ಮಲ್ಲಿ ಹಲವರು ಅದನ್ನು ಕಣ್ಣಾರೆ ಕಂಡಿಲ್ಲ, ಕಾಣದಿರುವುದೇ ಮೈಮರೆವಿಗೆ ಕಾರಣವಾಗಿದೆ. ಮೊದಲು ಬರೀ ಗಂಟಲು ನೋವು, ಸಣ್ಣ ಜ್ವರ. ಮಗು ಅನ್ನ ಬೇಡ ಅನ್ನುತ್ತದೆ. ಎರಡು ಮೂರು ದಿನಕ್ಕೆ ಬಾಯಿ ತೆರೆಸಿ ದೀಪ ಹಿಡಿದು ನೋಡಿದರೆ ಕಿರುನಾಲಿಗೆಯ ಅಕ್ಕಪಕ್ಕ ಬೂದು ಬಣ್ಣದ ಒಂದು ಪೊರೆ ಅಂಟಿಕೊಂಡಿರುತ್ತದೆ. ಹಾಲಿನ ಕೆನೆಯಂತೆ ಬಳಿದರೆ ಬರುವುದಲ್ಲ, ಕೀಳಲು ಹೋದರೆ ರಕ್ತ ಒಸರುತ್ತದೆ. ಕತ್ತು ಎರಡೂ ಕಡೆ ಬಾತು ದಪ್ಪಗಾಗುತ್ತದೆ. ಎಂಜಲು ನುಂಗಲಾಗದೆ ಸುರಿಯುತ್ತದೆ. ಪೊರೆ ಕೆಳಕ್ಕೆ ಬೆಳೆದರೆ ಉಸಿರಿನ ದಾರಿಯೇ ಮುಚ್ಚುತ್ತದೆ, ಆಗ ಕತ್ತಿನಲ್ಲಿ ತೂತು ಮಾಡಿ ಕೊಳವೆ ಇಡಬೇಕು. ಉಸಿರು ಉಳಿದರೂ ಕಷ್ಟ ಮುಗಿಯುವುದಿಲ್ಲ. ಬ್ಯಾಕ್ಟೀರಿಯಾ ಗಂಟಲಲ್ಲೇ ಕೂತು ವಿಷವನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಅದು ಹೃದಯಕ್ಕೆ, ನರಗಳಿಗೆ ಹೋಗಿ ಸೇರುತ್ತದೆ. ಗಂಟಲು ವಾಸಿಯಾಯಿತು, ಮಗು ಎದ್ದು ಕೂತಿತು ಅಂದುಕೊಂಡ ಮನೆಯವರ ಕಣ್ಣೆದುರಲ್ಲೇ ಎರಡನೇ ವಾರಕ್ಕೆ ಹೃದಯ ನಿಂತುಬಿಡಬಹುದು.

ಇದಕ್ಕೆ ಔಷಧ ಇಲ್ಲವೇ ಅಂದರೆ, ಇದೆ. ಕುದುರೆಯ ರಕ್ತದಿಂದ ತೆಗೆದ ಪ್ರತಿವಿಷ. ಅದನ್ನು ಕಂಡುಹಿಡಿದದ್ದಕ್ಕೆ ಎಮಿಲ್ ಫಾನ್ ಬೇರಿಂಗ್ ಎಂಬ ಜರ್ಮನ್ ವೈದ್ಯನಿಗೆ 1901ರಲ್ಲಿ ವೈದ್ಯಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಂತು. ಆದರೆ ಪ್ರತಿವಿಷ ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಮಾತ್ರ ಹಿಡಿಯಬಲ್ಲದು, ಹೃದಯಕ್ಕೆ ಅಂಟಿಬಿಟ್ಟದ್ದನ್ನು ಬಿಡಿಸಲಾರದು. ಒಂದೊಂದು ತಾಸು ತಡವಾದಷ್ಟೂ ಅದರ ಬಲ ಕುಗ್ಗುತ್ತದೆ. ಅದು ಪ್ರತಿ ಊರಿನ ಆಸ್ಪತ್ರೆಯಲ್ಲಿ ಇಟ್ಟಿರುವ ಮದ್ದೂ ಅಲ್ಲ. ಬೆಂಗಳೂರಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆ, ಹೈದರಾಬಾದಿನ ನಲ್ಲಕುಂಟೆಯ ಫೀವರ್ ಆಸ್ಪತ್ರೆಯಂಥ ದೊಡ್ಡ ಕಡೆಗೇ ಮಗುವನ್ನು ಎತ್ತಿಕೊಂಡು ಹೋಗಬೇಕಾಗುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ದೇಶದ ರಾಜಧಾನಿ ದೆಹಲಿಯಲ್ಲೇ ಈ ಪ್ರತಿವಿಷ ಸಾಕಷ್ಟು ಸಿಗದೆ, ಕೆಲವೇ ವಾರಗಳಲ್ಲಿ ಹನ್ನೆರಡಕ್ಕೂ ಹೆಚ್ಚು ಮಕ್ಕಳು ಗಂಟಲಮಾರಿಯಿಂದ ತೀರಿಕೊಂಡರು. ಆ ವರ್ಷ ಭಾರತದಲ್ಲಿ ವರದಿಯಾದ ಗಂಟಲಮಾರಿ ಪ್ರಕರಣಗಳೇ ಎಂಟು ಸಾವಿರಕ್ಕಿಂತ ಹೆಚ್ಚು. ಅದಕ್ಕೂ ಎರಡು ವರ್ಷ ಮುಂಚೆ, ಮಕ್ಕಳ ಆರೋಗ್ಯದಲ್ಲಿ ಎಲ್ಲರಿಗಿಂತ ಮುಂದಿರುವ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ, ಲಸಿಕೆ ಬಿಟ್ಟಿದ್ದ ಮಕ್ಕಳ ನಡುವೆ ಇದು ಹರಡಿ ಸಾವುಗಳಾದವು. ಅಪ್ಪಂದಿರೇ, ಇದು ಹೋದ ಶತಮಾನದ ರೋಗವಲ್ಲ. ಖಾಲಿ ಚೌಕಗಳಿರುವ ಕಾರ್ಡುಗಳು ಒಂದೇ ಊರಲ್ಲಿ ಸೇರಿದ ಕಡೆ ಅದು ಮತ್ತೆ ಬರುತ್ತದೆ.

ಜ್ವರದ ಮಾತಿಗೆ ಬರುತ್ತೇನೆ. ಅದು ಸುಳ್ಳಲ್ಲ. ಪೆಂಟಾ ಸೂಜಿಯಾದ ದಿನ ಸಾಕಷ್ಟು ಮಕ್ಕಳಿಗೆ ಮೈ ಬಿಸಿಯಾಗುತ್ತದೆ, ತೊಡೆ ಕೆಂಪಾಗಿ ಗಟ್ಟಿಯಾಗುತ್ತದೆ, ಮುಟ್ಟಿದರೆ ಚೀರುತ್ತದೆ. ಅದರಲ್ಲಿರುವ ನಾಯಿಕೆಮ್ಮಿನ ಭಾಗವೇ ಇದಕ್ಕೆ ಹೆಚ್ಚಿನ ಕಾರಣ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ನರ್ಸಮ್ಮ ಕೊಡುವ ಪ್ಯಾರಾಸಿಟಮಾಲ್ ಅನ್ನು ಅವರು ಹೇಳಿದಷ್ಟೇ ಹಾಕಿ, ಎದೆಹಾಲು ಕುಡಿಸುತ್ತಿರಿ, ತೊಡೆಯ ಮೇಲೆ ತಣ್ಣೀರಿನ ಬಟ್ಟೆ ಇಡಿ. ಅರಿಶಿನ, ಸುಣ್ಣ, ಎಣ್ಣೆ ಯಾವುದನ್ನೂ ಹಚ್ಚಬೇಡಿ, ತಿಕ್ಕಬೇಡಿ. ಸೂಜಿಯಾದ ಮೇಲೆ ಅರ್ಧ ತಾಸು ಅಲ್ಲೇ ಕೂತಿರಿ, ಅಪರೂಪಕ್ಕೆ ಒಬ್ಬರಿಗೆ ಅಲರ್ಜಿಯಾದರೆ ನೋಡಿಕೊಳ್ಳಲು ಜನ ಅಲ್ಲೇ ಇರುತ್ತಾರೆ. ಫಿಟ್ಸ್ ಬಂದರೆ, ಮೂರು ತಾಸಾದರೂ ಅಳು ನಿಲ್ಲದಿದ್ದರೆ, ಮಗು ಮಂಕಾಗಿ ಜೋತುಬಿದ್ದರೆ, ಜ್ವರ ಎರಡು ದಿನ ದಾಟಿದರೆ ಕಾಯದೆ ಆಸ್ಪತ್ರೆಗೆ ಹೋಗಿ, ಸೂಜಿ ಹಾಕಿದವರಿಗೂ ತಿಳಿಸಿ. ಬರೀ ಒಂದು ರಾತ್ರಿಯ ಜ್ವರ ಮಾತ್ರ ಮುಂದಿನ ಡೋಸ್ ನಿಲ್ಲಿಸಲು ಕಾರಣವಾಗಬಾರದು. ಸೂಜಿ ಬಿದ್ದ ಕುರಿಯೂ ಒಂದು ದಿನ ಮೇವು ಬಿಟ್ಟು ಮಂಕಾಗಿ ನಿಲ್ಲುವುದುಂಟು. ಅಷ್ಟಕ್ಕೇ ಎರಡನೇ ಸೂಜಿ ಬೇಡ ಅಂದವರನ್ನು ನಾನು ಕಂಡಿಲ್ಲ.

ಇನ್ನೊಂದು ಅಡ್ಡಿ, ನಿಜವಾದದ್ದು, ನಿಮ್ಮ ಕೈಯಲ್ಲಿ ಪೂರ್ತಿ ಇಲ್ಲದ್ದು. ಶೇಂಗಾ ಕಿತ್ತು ಮುಗಿದ ಮೇಲೆ ಕೂಲಿ ಇಲ್ಲದ ಮನೆಗಳು ಬೀಗ ಹಾಕಿಕೊಂಡು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಡುತ್ತವೆ. ಎರಡು ತಿಂಗಳ ಕೂಸು ಸೊಂಟದಲ್ಲಿ. ಕಾರ್ಡು ಊರಿನ ಟ್ರಂಕಿನಲ್ಲಿ, ಕಳೆದುಹೋದೀತೆಂದು ಜೋಪಾನವಾಗಿ ಇಟ್ಟಿರುತ್ತಾರೆ. ನಮ್ಮ ಊರಲ್ಲಿ ಸೂಜಿಯ ದಿನ ಬುಧವಾರ, ಶನಿವಾರ. ಗಡಿ ದಾಟಿದರೆ ಕರ್ನಾಟಕದಲ್ಲಿ ಗುರುವಾರ. ಅಲ್ಲಿನ ಆಶಾ ಕಾರ್ಯಕರ್ತೆಗೆ ಶೆಡ್ಡಿನಲ್ಲಿರುವ ಕೂಸಿನ ಲೆಕ್ಕ ಗೊತ್ತಿಲ್ಲ, ಇಲ್ಲಿನವರಿಗೆ ಮನೆ ಬೀಗ ಹಾಕಿರುವುದಷ್ಟೇ ಗೊತ್ತು. ಎರಡು ರಾಜ್ಯಗಳ ನಡುವೆ ಮಗು ಯಾರ ಪಟ್ಟಿಯಲ್ಲೂ ಇಲ್ಲದೆ ಬೆಳೆಯುತ್ತದೆ.

ಇದಕ್ಕೆ ದಾರಿ ಇದೆ, ದಯವಿಟ್ಟು ಇದನ್ನು ಮನಸ್ಸಿಗೆ ಹಾಕಿಕೊಳ್ಳಿ. ಸರ್ಕಾರಿ ಲಸಿಕೆ ದೇಶದ ಯಾವ ಸರ್ಕಾರಿ ಕೇಂದ್ರದಲ್ಲಾದರೂ ಉಚಿತ. ಆಂಧ್ರದವರು ಎಂದು ಬೆಂಗಳೂರಿನಲ್ಲಿ ಯಾರೂ ಇಲ್ಲವೆನ್ನುವಂತಿಲ್ಲ. ಕಾರ್ಡಿನ ಎರಡೂ ಮಗ್ಗುಲಿನ ಫೋಟೋ ನಿಮ್ಮ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ, ಒಂದನ್ನು ಅಣ್ಣತಮ್ಮಂದಿರಿಗೂ ಕಳಿಸಿರಿ. ಅದರ ಮೇಲಿನ ಬರಹ ತೆಲುಗಿನಲ್ಲಿದ್ದರೂ ಲಸಿಕೆಗಳ ಹೆಸರು, ತಾರೀಕು ಎಲ್ಲ ನರ್ಸ್‌ಗಳಿಗೂ ತಿಳಿಯುತ್ತವೆ. ಈಗ ಯು-ವಿನ್ ಎಂಬ ಕೇಂದ್ರ ಸರ್ಕಾರದ ವ್ಯವಸ್ಥೆಯಲ್ಲಿ ಮಗುವಿನ ಹೆಸರು ನೋಂದಾಯಿಸಿದರೆ ಹಾಕಿದ ಲಸಿಕೆಯ ದಾಖಲೆ ಮೊಬೈಲ್ ನಂಬರಿನ ಮೇಲೆ ಎಲ್ಲಿ ಹೋದರೂ ಸಿಗುತ್ತದೆ. ಹೊರಡುವ ಮುಂಚೆ ನರ್ಸಮ್ಮನ ಹತ್ತಿರ ಹೋಗಿ ನಂಬರು ಸರಿಯಾಗಿ ಬರೆಸಿ. ಸಿಮ್ ಬದಲಾಯಿಸಿದರೆ ಅದನ್ನೂ ಹೇಳಿ.

ಮತ್ತು ತಪ್ಪಿಹೋದದ್ದು ತಪ್ಪಿತು, ಇನ್ನು ಏನು ಪ್ರಯೋಜನ ಎಂದು ಕೈಬಿಡಬೇಡಿ. ಒಂದು ಡೋಸ್ ಆಗಿ ನಡುವೆ ಆರು ತಿಂಗಳು ಕಳೆದಿದ್ದರೂ ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ನಿಂತಲ್ಲಿಂದ ಮುಂದುವರಿಸುತ್ತಾರೆ, ಡೋಸ್‌ಗಳ ನಡುವೆ ನಾಲ್ಕು ವಾರವಿದ್ದರೆ ಸಾಕು. ಒಂದು ವರ್ಷದೊಳಗೆ ಪೆಂಟಾ ಒಂದನ್ನೂ ಹಾಕಿಸದ ಮಗುವಿಗೂ ಏಳು ವರ್ಷದ ತನಕ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಡಿಪಿಟಿ ಲಸಿಕೆ ಇದೆ. ತಡವಾಗಿ ಬಂದಿರೆಂದು ಯಾರಾದರೂ ಗದರಿದರೆ ಬೈಸಿಕೊಂಡಾದರೂ ಹಾಕಿಸಿಕೊಂಡು ಬನ್ನಿ. ಗದರುವ ಸಿಬ್ಬಂದಿಗೂ ಇಲ್ಲೇ ಒಂದು ಮಾತು: ತಪ್ಪಿಸಿಕೊಂಡ ಕುರಿಯನ್ನು ಹಿಡಿದು ತಂದವನಿಗೆ ಪಶುವೈದ್ಯರು ಬೈಯುವುದಿಲ್ಲ. ಬಿಟ್ಟ ಮಗುವನ್ನು ಕರೆತಂದ ತಾಯಿಗೂ ಅಷ್ಟು ಮರ್ಯಾದೆ ಸಲ್ಲಬೇಕು.

ಲಸಿಕೆ ಕೆಟ್ಟಿದ್ದರೆ ಅನ್ನುವ ಅನುಮಾನವೂ ಕೆಲವರಿಗಿದೆ. ನಲವತ್ತು ಡಿಗ್ರಿ ಬಿಸಿಲಿನ ಸೀಮೆಯಲ್ಲಿ ಆ ಅನುಮಾನ ತಪ್ಪೇನಲ್ಲ. ಎರಡರಿಂದ ಎಂಟು ಡಿಗ್ರಿಯ ನಡುವೆ ಲಸಿಕೆಯನ್ನು ಕಾಪಾಡಬೇಕು, ಅದಕ್ಕೇ ಐಸ್ ಪ್ಯಾಕ್ ತುಂಬಿದ ಆ ಡಬ್ಬಿ. ಪೆಂಟಾ ಹೆಪ್ಪುಗಟ್ಟಿದರೂ ಕೆಡುತ್ತದೆ, ಆದ್ದರಿಂದ ಐಸ್ ಪ್ಯಾಕನ್ನು ಬೆವರುವ ತನಕ ಹೊರಗಿಟ್ಟು ಆಮೇಲೆ ಡಬ್ಬಿಗೆ ಹಾಕುತ್ತಾರೆ. ಸೀಸೆಯ ಮೇಲೆ ಒಂದು ಪುಟ್ಟ ವೃತ್ತ, ಅದರ ನಡುವೆ ಒಂದು ಚೌಕ ಇರುತ್ತದೆ. ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಸರಿಯಿದೆ. ಹೆಚ್ಚು ಬಿಸಿ ತಗುಲಿದಂತೆ ಚೌಕ ಕಪ್ಪಾಗುತ್ತಾ ಹೋಗುತ್ತದೆ, ವೃತ್ತದಷ್ಟೇ ಕಪ್ಪಾದರೆ ಆ ಸೀಸೆಯನ್ನು ಬಳಸುವಂತಿಲ್ಲ. ಕೇಳಿ ನೋಡಿ, ತೋರಿಸುತ್ತಾರೆ. ಅಕ್ಷರ ಬಾರದವರೂ ಓದಬಲ್ಲ ಗುರುತು ಅದು. ಅಪ್ಪನಾದವನು ಬಂದು ಬಗ್ಗಿ ಆ ಚೌಕ ನೋಡಿ, ತಲೆಯಾಡಿಸಿ, ಮಗುವಿನ ತೊಡೆ ಹಿಡಿದು ಕೂತರೆ ಸೂಜಿ ಹಾಕುವವಳಿಗೂ ಅದೊಂದು ಬಲ.

ನಿಮ್ಮ ಎಡತೋಳಿನ ಮೇಲೊಂದು ಗುಂಡನೆಯ ಕಲೆ ಇದೆಯಲ್ಲ, ಅದು ಬಿಸಿಜಿ. ಕ್ಷಯದ ಬ್ಯಾಕ್ಟೀರಿಯಾದ ವಿರುದ್ಧ ಹಾಕಿದ್ದು. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಹದಿಮೂರು ವರ್ಷ ಒಂದೇ ರೋಗಾಣುವನ್ನು ಸಾಕಿ ಸಾಕಿ ಸೌಮ್ಯ ಮಾಡಿ 1921ರಲ್ಲಿ ಮೊದಲ ಕೂಸಿಗೆ ಕೊಟ್ಟರು. ಅವರು ತೆಗೆದುಕೊಂಡ ರೋಗಾಣು ದನದ ಕ್ಷಯದ್ದು. ಭಾರತದಲ್ಲಿ ಅದನ್ನು 1948ರಲ್ಲಿ ಮೊದಲು ಹಾಕಿದ್ದು ನಮ್ಮ ರಾಯಲಸೀಮೆಯಲ್ಲೇ, ಮದನಪಲ್ಲೆಯ ಕ್ಷಯ ಆರೋಗ್ಯಧಾಮದಲ್ಲಿ. ದೊಡ್ಡವರ ಎದೆಯ ಕ್ಷಯವನ್ನು ಅದು ಅಷ್ಟಾಗಿ ತಡೆಯುವುದಿಲ್ಲ ಎಂದು ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ನಡೆದ ದೊಡ್ಡ ಪ್ರಯೋಗ ತೋರಿಸಿತು. ಆದರೆ ಎಳೆಯ ಮಕ್ಕಳ ಮಿದುಳಿಗೆ ಏರುವ, ಮೈಯೆಲ್ಲ ಹರಡುವ ಕ್ಷಯವನ್ನು ತಡೆಯುತ್ತದೆ, ಅದಕ್ಕೇ ಇಂದಿಗೂ ಹುಟ್ಟಿದೊಡನೆ ಕೊಡುತ್ತಾರೆ. ಆ ಕಲೆ ನಿಮ್ಮ ತೋಳಿನ ಮೇಲಿದೆ ಎಂದರೆ, ಬಸ್ಸು ಸರಿಯಾಗಿರದ ಕಾಲದಲ್ಲೂ ನಿಮ್ಮನ್ನು ಹೆಗಲ ಮೇಲೆ ಹೊತ್ತೋ, ಯಾರ ಗಾಡಿಯಲ್ಲೋ ಕೂರಿಸಿಯೋ ಕರೆದೊಯ್ದವರು ಒಬ್ಬರು ಮನೆಯಲ್ಲಿದ್ದರು.

ಅಧಿಕಾರದಲ್ಲಿರುವವರಿಗೂ ಇದೇ ಕಾಗದದಲ್ಲಿ ಕೇಳಿಬಿಡುತ್ತೇನೆ. ಕುರಿಗೆ ಸೂಜಿ ಹಾಕಲು ಬೆಳಕು ಹರಿಯುವ ಮುಂಚೆಯೇ ರೊಪ್ಪಕ್ಕೆ ಬರುವಿರಿ, ಹಿಂಡು ಮೇವಿಗೆ ಹೋದ ಮೇಲೆ ಸಿಗುವುದಿಲ್ಲ ಎಂದು ನಿಮಗೆ ಗೊತ್ತು. ಕೂಲಿಗೆ ಹೋಗುವ ತಾಯಿಯೂ ಬೆಳಗ್ಗೆ ಹತ್ತು ಗಂಟೆಗೆ ಮನೆಯಲ್ಲಿ ಸಿಗುವುದಿಲ್ಲ. ಕೆಲವು ಊರುಗಳಲ್ಲಾದರೂ ಬೆಳಗಿನ ಜಾವಕ್ಕೋ ಸಂಜೆಗೋ ಲಸಿಕೆ ಇಡಿ. ರಾಯದುರ್ಗ, ಡಿ. ಹಿರೇಹಾಳು, ಮಡಕಶಿರ, ರೊಳ್ಳ, ಅಗಳಿಗಳ ಕಡೆ ಮನೆಯೊಳಗಿನ ಮಾತು ಕನ್ನಡವೇ. ಕನ್ನಡ ಶಾಲೆಗಳೂ ಇವೆ. ಸೂಜಿಯಾದ ಮೇಲೆ ಏನು ಮಾಡಬೇಕು, ಮುಂದಿನದು ಯಾವಾಗ ಎಂಬ ನಾಲ್ಕು ಸಾಲು ಕನ್ನಡದಲ್ಲೂ ಅಚ್ಚು ಹಾಕಿಸಿ ಕೊಟ್ಟರೆ ಮನೆಯ ಅಜ್ಜಿಗೆ ಮೊಮ್ಮಗಳು ಓದಿ ಹೇಳುತ್ತಾಳೆ. ಅಜ್ಜಿ ಒಪ್ಪಿದ ಮನೆಯಲ್ಲಿ ಅರ್ಧ ಕೆಲಸ ಮುಗಿದಂತೆ.

ಅಣ್ಣಂದಿರೇ, ಸದ್ಯಕ್ಕೆ ಕೇಳುವುದು ಇಷ್ಟು. ಈ ವಾರ ಮಗುವಿನ ಕಾರ್ಡು ತೆಗೆಸಿ ನೀವೇ ಕೈಯಲ್ಲಿ ಹಿಡಿದು ನೋಡಿ. ಮೂರು ಪೆಂಟಾ ಆಗಿದೆಯೇ? ಒಂಬತ್ತನೇ ತಿಂಗಳಿನ ನ್ಯುಮೊಕಾಕಸ್ ಬೂಸ್ಟರ್ ಆಗಿದೆಯೇ? ಒಂದೂವರೆ ವರ್ಷದ ಹೊತ್ತಿಗೆ ಡಿಪಿಟಿಯ ಮೊದಲ ಬೂಸ್ಟರ್, ಐದಾರು ವರ್ಷಕ್ಕೆ ಎರಡನೆಯದು, ಹತ್ತಕ್ಕೆ ಮತ್ತು ಹದಿನಾರಕ್ಕೆ ಧನುರ್ವಾಯು, ಗಂಟಲಮಾರಿಗಳ ಟಿಡಿ ಲಸಿಕೆ. ಕೂಸಿನ ಸೂಜಿಗಳನ್ನು ಪೂರೈಸಿದವರೂ ಈ ಕೊನೆಯ ಮೂರನ್ನು ಮರೆಯುತ್ತಾರೆ, ಗಂಟಲಮಾರಿ ಈಗ ಶಾಲೆಗೆ ಹೋಗುವ ಮಕ್ಕಳನ್ನೇ ಹೆಚ್ಚಾಗಿ ಹಿಡಿಯುತ್ತಿರುವುದು ಅದರಿಂದಲೇ. ಮನೆಯಲ್ಲಿ ಒಂದನೇ ತರಗತಿಗೆ ಸೇರಿದ ದೊಡ್ಡ ಮಗುವಿದ್ದರೆ ಬುಧವಾರ ಅದನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಇಂತಿ ನಿಮ್ಮ ಸೀಮೆಯ ಅಕ್ಕ